ರಬ್ಬರ್ ಶಾರ್ಕಿಗೆ ಹೆದರುವ ಕೆಲಸ

ಡಬ್ಬಿಂಗ್ ಕಲಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗಿಯರು ಮೊದಲು ಅಳುವುದನ್ನು ಕಲಿಸಿ ಎನ್ನುತ್ತಾರೆ. ಅಳುವುದು ಬಹಳ ದೊಡ್ಡ ವಿದ್ಯೆ ಎಂದು ಯಾರೋ ಅವರ ತಲೆಯಲ್ಲಿ ತುಂಬಿರುತ್ತಾರೆ. ಅಳು ಸುಲಭ ತಾಯಂದಿರಾ, ಈರುಳ್ಳಿ ಹೆಚ್ಚಿದವರೆಲ್ಲ ಅಳಬಲ್ಲರು. ಹೊಟ್ಟೆಪಾಡಿಗೆ ಕಿರುಚುವುದಿದೆಯಲ್ಲ, ಅದು ಕಷ್ಟ. ಗಾಜಿನ ಕೋಣೆಯಲ್ಲಿ ನೀವು ಒಬ್ಬರೇ. ಮುಂದೆ ಮೈಕು, ಕಿವಿಯಲ್ಲಿ ಹೆಡ್‌ಫೋನು, ಪರದೆಯ ಮೇಲೆ ಯಾವುದೋ ದೇಶದ ಹುಡುಗಿ ಬಾಯಿ ತೆರೆದು ನಿಂತಿರುತ್ತಾಳೆ. ಅವಳ ಬಾಯಿ ತೆರೆದಿರುವಷ್ಟು ಹೊತ್ತು ನಿಮ್ಮ ಜೀವ ಹೋಗಬೇಕು, ಅವಳು ಮುಚ್ಚಿದೊಡನೆ ವಾಪಸು ಬರಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊರಗೆ ಕೂತ ಇಂಜಿನಿಯರ್ ‘ಇನ್ನೊಂದು’ ಎನ್ನುತ್ತಾನೆ.

ನನ್ನ ಹೆಸರು ಮಹಾನಂದಾ, ಮನೆಯವರ ಬಾಯಲ್ಲಿ ಮಾನಂದಾ. ರಾಯಚೂರು ಕಡೆಯವಳು, ಮದುವೆಯಾಗಿ ಹೈದರಾಬಾದಿಗೆ ಬಂದೆ. ನಮ್ಮವರು ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮನೆ ಅಂದಿನಿಂದ ಇಂದಿನವರೆಗೆ ದಿಲ್‌ಸುಖ್‌ನಗರದಲ್ಲೇ. ತೆಲುಗು ಕಲಿತದ್ದು ನೀರಿನ ಸರದಿಯಲ್ಲಿ, ಹಿಂದಿ ಕಲಿತದ್ದು ತರಕಾರಿ ಬಂಡಿಯ ಮುಂದೆ. ಡಬ್ಬಿಂಗಿಗೆ ಹೋದದ್ದು ಕಲೆಯ ಹುಚ್ಚಿನಿಂದ ಅಂತೂ ಅಲ್ಲ. ಮಾರುಕಟ್ಟೆಯ ದೃಶ್ಯಕ್ಕೆ ಗದ್ದಲ ಮಾಡುವ ಜನ ಬೇಕೆಂದು ಪಕ್ಕದ ಮನೆಯಾಕೆ ಎಳೆದುಕೊಂಡು ಹೋಗಿದ್ದಳು. ಒಂದೇ ಮೈಕಿನ ಸುತ್ತ ಎಲ್ಲರೂ ನಿಂತು ಕೂಗಾಡಿದೆವು. ನನ್ನ ಕೂಗು ಉಳಿದವರನ್ನೆಲ್ಲ ನುಂಗಿ ಹಾಕಿತಂತೆ. ಅಲ್ಲಿನ ಡಬ್ಬಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರು, ನಾವೆಲ್ಲ ಮಾಸ್ಟರ್‌ಗಾರು ಎನ್ನುತ್ತಿದ್ದವರು, ಆ ರಾಯಚೂರಿನ ಗಂಟಲನ್ನು ನಾಳೆಯೂ ಕರೆಯಿರಿ ಎಂದರು.

ಮಾಸ್ಟರ್‌ಗಾರು ಬೈಗುಳದಲ್ಲಿ ಕೈ ಬಿಗಿ ಹಿಡಿದವರಲ್ಲ. ಹಾವಿನ ಸಿನಿಮಾ ಒಂದರಲ್ಲಿ ನಾನು ಗಾಜು ನಡುಗುವ ಹಾಗೆ ಕಿರುಚಿ, ಹೊಗಳಿಕೆಗೆ ಕಾಯುತ್ತ ನಿಂತಿದ್ದೆ. ಅವರು ಒಳಗೆ ಬಂದು, ಹಾವು ಎಲ್ಲಿತ್ತು ಎಂದು ಕೇಳಿದರು. ಪರದೆ ಮೇಲೆ ಎಂದೆ. ‘ಪರದೆ ಮೇಲಿನ ಹಾವಿಗೆ ಯಾವ ದಡ್ಡಿ ಹೆದರುತ್ತಾಳೆ? ಅದು ನಿನ್ನ ಕಾಲ ಹತ್ತಿರ ಇದೆ’ ಎಂದರು. ತಲೆ ತಗ್ಗಿಸಿದೆ. ಪಾದದ ಪಕ್ಕ ಮೈಕಿನ ಕಪ್ಪು ತಂತಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನನಗರಿವಿಲ್ಲದೆ ಹೊರಟ ಕೂಗನ್ನು ಅವರು ಇಟ್ಟುಕೊಂಡರು. ಕಿರುಚಿನಲ್ಲಿ ಜಾತಿಗಳಿವೆ ಎಂದು ಕಲಿಸಿದವರೂ ಅವರೇ. ಹಾವು ಕಂಡವಳ ಕೂಗು ಉಸಿರನ್ನು ಒಳಗೆ ಎಳೆದುಕೊಳ್ಳುತ್ತದೆ, ಕಳ್ಳನನ್ನು ಕಂಡವಳ ಕೂಗು ಓಣಿಯ ಜನರನ್ನೆಲ್ಲ ಕರೆಯುತ್ತದೆ, ಸಾವಿನ ಸುದ್ದಿ ಕೇಳಿದವಳ ಕೂಗು ಮೇಲೆ ಹೋಗಿ ಅಲ್ಲೇ ಮುರಿದು ಕೆಳಗೆ ಬೀಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ನೋಡುವವರಿಗೆ ಕಾರಣ ತಿಳಿಯುವುದಿಲ್ಲ, ಆದರೆ ಏನೋ ಸರಿಯಿಲ್ಲ ಎನ್ನಿಸುತ್ತದೆ.

ಎಡವಟ್ಟುಗಳಿಗೇನೂ ಕಡಿಮೆ ಇರಲಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟು ಓಡಿದ ಒಂದು ದಿನ, ದೆವ್ವದ ಮನೆಯ ದೃಶ್ಯದಲ್ಲಿ ನಾನು ಉಸಿರು ಬಿಗಿಹಿಡಿದು ನಿಂತಾಗ ಹೊಟ್ಟೆ ಗುರುಗುಟ್ಟಿತು. ಮೈಕು ಅದನ್ನೂ ಹಿಡಿಯಿತು. ಬೈಯುತ್ತಾರೆಂದು ಮುದುಡಿ ನಿಂತರೆ, ನಿರ್ದೇಶಕರಿಗೆ ಅದು ಬಹಳ ಹಿಡಿಸಿತು, ಇರಲಿ ಎಂದರು. ಹೀಗೆ ನನ್ನ ಹೊಟ್ಟೆಯೂ ಒಂದು ಸಿನಿಮಾದಲ್ಲಿ ದೆವ್ವದ ಪಾತ್ರ ಮಾಡಿದೆ.

ಆಮೇಲೆ ಕಂಪ್ಯೂಟರ್ ಬಂತು. ಒಟ್ಟಿಗೆ ನಿಂತು ದನಿ ಕೊಡುವುದು ನಿಂತುಹೋಯಿತು. ಮೊದಲು ನಾಯಕ ಬೈದರೆ ಪಕ್ಕದಲ್ಲೇ ನಿಂತು ಅವನಿಗೆ ದನಿ ಕೊಡುವವನ ಉಗುಳು ಮುಖಕ್ಕೆ ಸಿಡಿಯುತ್ತಿತ್ತು, ಸಿಟ್ಟು ತಾನಾಗಿ ಬರುತ್ತಿತ್ತು. ಈಗ ಅವನು ತನ್ನ ಮಾತನ್ನು ಮುಗಿಸಿ ಹೋಗಿ ಎಷ್ಟೋ ದಿನವಾಗಿರುತ್ತದೆ, ನಾವು ಒಬ್ಬರೇ ನಿಂತು ಗಾಳಿಗೆ ಉತ್ತರ ಕೊಡುತ್ತೇವೆ. ಒಂದು ಕ್ರಮ ಮಾತ್ರ ಬದಲಾಗಲಿಲ್ಲ. ಮಾತೆಲ್ಲ ಮುಗಿದ ಮೇಲೆಯೇ ಕಿರುಚು. ಕಿರುಚಿದ ಗಂಟಲು ಆ ದಿನ ಮತ್ತೆ ಮಾತಿಗೆ ಬಾರದು. ನೀವೂ ಇದನ್ನು ಬಿಡಬೇಡಿ.

ಈಗ ಶಾರ್ಕಿನ ವಿಷಯ. ನಮ್ಮವರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಒಳಗೊಳಗೇ ಕಣ್ಣು ತಿಂದುಹಾಕಿತು. ಡಿಪೋದಿಂದ ನಿವೃತ್ತರಾಗುವ ಹೊತ್ತಿಗೆ ಮಸುಕು ಮಸುಕಾಗಿ ಕಾಣುತ್ತಿದ್ದ ನಾನು ಕೆಲವೇ ದಿನಗಳಲ್ಲಿ ಪೂರ್ತಿ ಮಾಯವಾದೆ. ಜೀವಮಾನವಿಡೀ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ, ಎಲ್ಲ ಜೀವವನ್ನೂ ಕಿವಿಗೆ ತಂದುಕೊಂಡರು. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹೊರದೇಶದ ಅಗ್ಗದ ಸಿನಿಮಾಗಳನ್ನು ತೆಲುಗು ಮಾಡಿ ಹಾಕುತ್ತಿದ್ದರು. ಶಾರ್ಕ್ ಸಿನಿಮಾ ಬಂದರೆ ನಮ್ಮವರಿಗೆ ಊಟವೂ ಬೇಡ.

ನೀವು ಮೂಗು ಮುರಿಯುತ್ತೀರೆಂದು ಗೊತ್ತು. ನಾನೂ ಮುರಿಯುತ್ತಿದ್ದೆ. ಆ ರಬ್ಬರ್ ಮೀನು ನೋಡಿದರೆ ಗಾಳಿ ತುಂಬಿದ ದಿಂಬಿನ ಹಾಗೆ ಕಾಣುತ್ತದೆ, ಬಾಲ ಆಡುವುದಿಲ್ಲ, ಹಲ್ಲು ಒಂದು ಸಲ ಬೆಳ್ಳಗಿದ್ದರೆ ಇನ್ನೊಂದು ಸಲ ಹಳದಿ. ಎದುರು ಮನೆಯವರು ನಮ್ಮಲ್ಲಿ ಕೂತು ನೋಡುವಾಗ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮವರು ಮಾತ್ರ ಕುರ್ಚಿಯ ಕೈ ಗಟ್ಟಿ ಹಿಡಿದಿರುತ್ತಿದ್ದರು.

‘ಎಷ್ಟ ದೊಡ್ಡದೈತಿ?’ ಎಂದು ಪಿಸುಗುಡುತ್ತಿದ್ದರು.

‘ನಿಮ್ಮ ಸಿಟಿ ಬಸ್ಸಿನಷ್ಟ ಐತ್ರಿ.’

‘ಬಾಲ ಆಡಸಾಕತ್ತೈತೇನು?’

‘ಭಾಳ ಜೋರ ಆಡಸಾಕತ್ತೈತ್ರಿ. ನೀರೆಲ್ಲ ಕದಡಿಬಿಟ್ಟೈತಿ.’

ಹೀಗೆ ಸುಳ್ಳು ಹೇಳುತ್ತಾ ಹೇಳುತ್ತಾ ನನಗೆ ಆ ಸಿನಿಮಾಗಳ ರುಚಿ ಹತ್ತಿತು. ಮೀನು ಮಾಡಿಸಲು ದುಡ್ಡಿಲ್ಲದವರು ನೀರನ್ನು ತೋರಿಸುತ್ತಾರೆ. ನೀರು, ಅದರಲ್ಲಿ ನೇತಾಡುವ ಎರಡು ಕಾಲು, ಒಬ್ಬ ಹುಡುಗಿಯ ಮುಖ. ಕೆಳಗೆ ಏನೋ ಇದೆ, ಬರುತ್ತದೆ, ಯಾವಾಗ ಎಂದು ಗೊತ್ತಿಲ್ಲ. ಯಾವ ಊರಿನವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ಹೆದರಿಸುವ ಕೆಲಸವನ್ನು ಮೀನೇ ಮಾಡಿ ಮುಗಿಸುತ್ತದೆ, ನಾವು ಒಂದು ‘ಆ’ ಎಂದರೆ ಸಾಕು. ಅಗ್ಗದ ಸಿನಿಮಾದಲ್ಲಿ ಮೀನು ಕೈಕೊಡುತ್ತದೆ. ಆಗ ಹೆದರಿಕೆಯನ್ನೆಲ್ಲ ಆ ಹುಡುಗಿಯ ಉಸಿರೇ ಹೊರಬೇಕು, ಅಂದರೆ ನಮ್ಮ ಉಸಿರು. ನಮ್ಮವರಿಗಂತೂ ಅಲ್ಲಿ ರಬ್ಬರೇ ಇರಲಿಲ್ಲ. ಅವರ ಕತ್ತಲಲ್ಲಿ ಈಜುತ್ತಿದ್ದದ್ದು ನಿಜವಾದ ಶಾರ್ಕ್.

ಆ ಹೊತ್ತಿಗೆ ನನ್ನ ಗಂಟಲು ಕೆಡತೊಡಗಿತ್ತು. ಬೆಳಿಗ್ಗೆ ಎದ್ದರೆ ದನಿ ಒಡೆದಿರುತ್ತಿತ್ತು, ಕೂದಲು ಸಿಕ್ಕಿಕೊಂಡ ಹಾಗೆ ಕಿರಿಕಿರಿ. ಸಿಕಂದರಾಬಾದಿನ ಒಬ್ಬ ಗಂಟಲು ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನನ್ನ ಸ್ವರತಂತುಗಳನ್ನು ನನಗೇ ತೋರಿಸಿದರು. ಎರಡು ಬಿಳಿ ಪಟ್ಟಿಗಳು, ಒಂದರ ಮೇಲೆ ಉಬ್ಬಿದ ಕೆಂಪು ನರ. ಇಷ್ಟು ದಿನ ನನಗೆ ಅನ್ನ ಹಾಕಿದ್ದು ಇಷ್ಟೇ ಇಷ್ಟು ಜಾಗ ಎಂದು ನನಗೆ ಅಚ್ಚರಿಯಾಯಿತು. ಮಾತಾಡಬಹುದು, ಕಿರುಚುವ ಹಾಗಿಲ್ಲ ಎಂದರು. ‘ಈ ರಕ್ತನಾಳ ಒಡೆಯಲು ಒಂದೇ ಒಂದು ಜೋರು ಕೂಗು ಸಾಕು. ಒಡೆದು ಕಲೆ ಉಳಿದರೆ ನಿಮ್ಮ ಈ ದನಿ ಮತ್ತೆ ಬರದೇ ಹೋಗಬಹುದು.’

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ.

‘ಕಣ್ಣಿಗಂತೂ ನೀ ಕಾಣಂಗಿಲ್ಲ,’ ಎಂದರು. ‘ದನಿ ಕೇಳತೈತಿ, ಅದಕ್ಕ ನೀ ಅದಿ ನನಗ. ಅದೂ ಹೋತಂದ್ರ ಮನಿಯಾಗ ಯಾರೋ ಅಡ್ಡಾಡಾಕತ್ತಾರ ಅನ್ನಂಗ ಆಗತೈತಿ ಮಾನಂದಾ.’

ಇನ್ನು ಮೇಲೆ ಮಾತಿನ ಪಾತ್ರ ಮಾತ್ರ, ಕೂಗಿನ ಪಾತ್ರ ಬೇಡ ಎಂದು ನಿರ್ಧರಿಸಿದೆ.

ನಿರ್ಧಾರ ಮಾಡಿ ತಿಂಗಳೂ ಆಗಿರಲಿಲ್ಲ, ಪ್ರಸಾದನ ಫೋನು ಬಂತು. ಮಂಗಳೂರಿನ ಹುಡುಗ, ಮಿಯಾಪುರದಲ್ಲಿ ಮನೆ ಮಾಡಿಕೊಂಡು ಹೊರದೇಶದ ಸಿನಿಮಾಗಳಿಗೆ ಕನ್ನಡ ಡಬ್ಬಿಂಗ್ ಮಾಡಿಸುತ್ತಿದ್ದ. ಶಾರ್ಕ್ ಸಿನಿಮಾ, ಕನ್ನಡದಲ್ಲಿ, ನಾಯಕಿಗೆ ನನ್ನದೇ ದನಿ ಬೇಕು ಎಂದ. ಅರವತ್ತರ ಹತ್ತಿರದ ಹೆಂಗಸು ಇಪ್ಪತ್ತರ ಹುಡುಗಿಗೆ! ನಾನು ನಕ್ಕೆ, ಆದರೆ ಫೋನು ಇಡಲಿಲ್ಲ. ಜೀವಮಾನವೆಲ್ಲ ತೆಲುಗಿನಲ್ಲಿ ಅತ್ತು, ನಕ್ಕು, ಸತ್ತವಳು ನಾನು. ಕನ್ನಡ ಡಬ್ಬಿಂಗ್ ಈ ಊರಿಗೆ ಬಂದ ಮೇಲೂ ನನಗೆ ಸಿಕ್ಕಿದ್ದು ನರ್ಸು, ನೆರೆಮನೆಯಾಕೆ, ಅಷ್ಟೇ. ನನ್ನ ಭಾಷೆಯಲ್ಲಿ ನಾಯಕಿಯಾಗುವ ಅವಕಾಶ ಮೊದಲ ಸಲ ಬಂದಿತ್ತು.

ಗಂಟಲಿನ ಸಂಗತಿ ಮುಚ್ಚಿಡದೆ ಹೇಳಿದೆ. ಅದಕ್ಕೆ ದಾರಿ ತೋರಿಸಿದವನು ಸೌಂಡ್ ಇಂಜಿನಿಯರ್ ಭಾಸ್ಕರ್. ನಾರಾಯಣಪೇಟೆಯವನು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ, ಅಕ್ಕಾ ಎನ್ನುತ್ತಾನೆ. ಹಳೆಯ ಸಿನಿಮಾಗಳಲ್ಲಿ ನಾನು ಕಿರುಚಿದ್ದನ್ನೆಲ್ಲ ಅವನು ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದ. ‘ಮಾತು ಹೊಸದು ಹೇಳು. ಕೂಗು ಹಳೇವು ಹಚ್ಚತೀನಿ. ಕೂಗಿಗೆ ಯಾವ ಭಾಷಾ ಅಕ್ಕಾ?’ ಎಂದ. ನಮ್ಮವರಿಗೆ ಇದನ್ನೇ ಹೇಳಿ ಹೊರಟೆ. ಅವರು ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದರು. ‘ಕೂಗಬ್ಯಾಡ ಮತ್ತ’ ಎಂದಷ್ಟೇ ಹೇಳಿದರು.

ಸಿನಿಮಾ ಇಷ್ಟೇ. ಮಗುಚಿದ ದೋಣಿಯ ಬೆನ್ನ ಮೇಲೆ ಒಬ್ಬ ಹುಡುಗಿ. ಜೊತೆಗಿದ್ದವರೆಲ್ಲ ಮೀನಿನ ಪಾಲಾಗಿದ್ದಾರೆ. ದೂರದಲ್ಲಿ ಒಂದು ಬಂಡೆ ಕಾಣುತ್ತದೆ, ಅಲ್ಲಿಗೆ ಈಜಬೇಕು, ಈಜಲು ನೀರಿಗೆ ಕಾಲಿಡಬೇಕು. ಸಿನಿಮಾ ಕಳಿಸಿದ ಕಂಪನಿಯವರೂ ಬಡಪಾಯಿಗಳೇ, ಹುಡುಗಿಯ ದನಿ, ನೀರಿನ ಸದ್ದು, ಸಂಗೀತ ಎಲ್ಲವನ್ನೂ ಒಂದರಲ್ಲೇ ಕಲಸಿ ಕಳಿಸಿದ್ದರು. ಅವಳ ಕೂಗನ್ನು ಹಾಗೇ ಇಟ್ಟುಕೊಳ್ಳೋಣವೆಂದರೆ ಬಿಡಿಸಿ ತೆಗೆಯಲು ಬರುತ್ತಿರಲಿಲ್ಲ. ಒಂದೊಂದು ಉಸಿರನ್ನೂ ನಾವೇ ಹೊಸದಾಗಿ ಹಾಕಬೇಕಿತ್ತು.

ಮೊದಲ ದಿನ ಮೀನಿನ ತಲೆ ಪರದೆಯ ಮೇಲೆ ಬಂದಾಗ ಪ್ರಸಾದ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಎಂತ ಮಾರಾಯ್ರೆ ಇದು! ನಮ್ಮಲ್ಲಿ ಇದರ ಮರಿ ಮಾರ್ಕೆಟಿಗೆ ಬರ್ತದೆ. ಅಮ್ಮ ಹುಳಿ, ಖಾರ ಹಾಕಿ ಪುಳಿಮುಂಚಿ ಮಾಡ್ತಾರೆ. ಇದಕ್ಕೆ ಹೆದರುವುದು ಹೇಗೆ?’

ನಾನು ಮೀನನ್ನು ನೋಡುವುದೇ ಬಿಟ್ಟೆ. ಹುಡುಗಿಯನ್ನು ನೋಡಿದೆ. ಅವಳ ಮುಂದೆಯೂ ಮೀನು ಇದ್ದಿರಲಾರದು, ಖಾಲಿ ನೀರು ತೋರಿಸಿ ಹೆದರು ಎಂದಿರುತ್ತಾರೆ. ಆದರೂ ಅವಳ ಗಂಟಲ ನರ ಬಿಗಿದಿತ್ತು, ತುಟಿ ನೀಲಿಯಾಗಿತ್ತು. ಪಾಪದವಳು ನಿಯತ್ತಾಗಿ ಹೆದರಿದ್ದಳು. ಅವಳ ಮೇಲೆ ನನಗೆ ಮಗಳ ಮೇಲೆ ಬರುವಂಥ ಮಮತೆ ಬಂತು.

ಆ ದಿನಗಳಲ್ಲಿ ನನ್ನ ಪಾಲಿಗಿದ್ದದ್ದು ಕೂಗೊಂದನ್ನು ಬಿಟ್ಟು ಉಳಿದದ್ದೆಲ್ಲ. ಬಿಕ್ಕಳಿಕೆ, ಏದುಸಿರು, ಹಲ್ಲು ಕಟಕಟಿಸುವುದು, ಸಣ್ಣ ನರಳಾಟ. ಕೂಗು ಒಳಗಿಂದ ಹತ್ತಿ ಹತ್ತಿ ಬರುತ್ತಿತ್ತು, ನಾನು ಬಾಗಿಲು ಹಾಕಿ ಹಾಕಿ ಹಿಂದಕ್ಕೆ ತಳ್ಳುತ್ತಿದ್ದೆ. ಪ್ರತಿ ಟೇಕಿಗೂ ಗಾಜಿನ ಆಚೆ ಭಾಸ್ಕರ್ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದ. ದನಿ ಸ್ವಲ್ಪ ಏರಿದರೆ ಅವನ ಕೈ ಮೇಲೇಳುತ್ತಿತ್ತು. ಒಂದು ಸಲ ಹುಡುಗಿಯ ಕಾಲಿಗೆ ಏನೋ ತಾಗುತ್ತದೆ, ಬರೆದುಕೊಟ್ಟ ಮಾತಿನಲ್ಲಿ ‘ಅಯ್ಯೋ ದೇವರೇ’ ಎಂದಿತ್ತು. ನನ್ನ ಬಾಯಿಂದ ‘ಯವ್ವಾ!’ ಎಂದು ಬಂದುಬಿಟ್ಟಿತು.

‘ಮೇಡಂ, ಈ ಬಿಳಿ ಹುಡುಗಿ ಯವ್ವಾ ಅಂತಾಳಾ?’ ಎಂದ ಪ್ರಸಾದ.

‘ಕಾಲಿಗೆ ಮೀನ ಬಡದ್ರ ಎಲ್ಲಾರೂ ಅಂತಾರ. ನಿಮ್ಮವ್ವನ ಪುಳಿಮುಂಚಿ ಅಲ್ಲ ಇದು.’

ಅವನು ಇನ್ನೊಮ್ಮೆ ಕೇಳಿಸಿಕೊಂಡ. ಈ ಸಲ ನಗಲಿಲ್ಲ, ಇರಲಿ ಎಂದ.

ಕೊನೆಯ ದಿನ ಕೊನೆಯ ದೃಶ್ಯ ಉಳಿಯಿತು. ಹುಡುಗಿ ನೀರಿಗಿಳಿದಿದ್ದಾಳೆ. ಬಂಡೆ ಹತ್ತಿರ ಬಂದಿದೆ. ಆಗ ಕೆಳಗಿಂದ ಮೀನು ಬರುತ್ತದೆ, ಅವಳು ಕಿರುಚುತ್ತಾಳೆ, ಇಡೀ ಸಿನಿಮಾದಲ್ಲಿ ಗಂಟಲು ಪೂರ್ತಿ ಬಿಚ್ಚುವುದು ಇಲ್ಲೊಂದೇ ಕಡೆ. ಭಾಸ್ಕರ್ ತನ್ನ ಸಂಗ್ರಹದಿಂದ ನನ್ನ ಹಳೆಯ ಕೂಗನ್ನು ತೆಗೆದು ಕೂರಿಸಿದ. ತುಟಿಗೆ ಅಳತೆ ಕೊಟ್ಟು ಹೊಲಿದ ಹಾಗೆ ಕೂಡಿತು. ಪ್ರಸಾದ ಚಪ್ಪಾಳೆ ತಟ್ಟಿದ. ‘ಸೂಪರ್ ಉಂಟು. ಮುಗೀತು ಮೇಡಂ, ಹೊರಗೆ ಬನ್ನಿ.’

ನಾನು ಹೊರಗೆ ಹೋಗಲಿಲ್ಲ. ಇನ್ನೊಮ್ಮೆ ಹಾಕಲು ಹೇಳಿದೆ, ಮತ್ತೊಮ್ಮೆಯೂ ಕೇಳಿದೆ. ಯಾವ ಕೂಗೆಂದು ಗುರುತು ಸಿಕ್ಕಿತು. ಹಿಂದೆ ಒಂದು ಸಂಸಾರದ ಸಿನಿಮಾದಲ್ಲಿ ಮಗನ ಹೆಣದ ಮುಂದೆ ತಾಯಿ ಹಾಕಿದ ಕೂಗು ಅದು. ಮೇಲೆ ಹೋಗಿ, ಮುರಿದು, ಕೆಳಗೆ ಬೀಳುತ್ತಿತ್ತು. ಹೆದರಿದವಳು ಇನ್ನೂ ಬದುಕಬೇಕು ಎಂದುಕೊಂಡಿರುತ್ತಾಳೆ, ಈ ತಾಯಿಗೆ ಎಲ್ಲ ಮುಗಿದುಹೋಗಿತ್ತು. ಬದುಕುವ ಹುಡುಗಿಯ ಬಾಯಿಗೆ ನಾವು ಸಾವಿನ ಕೂಗು ಇಟ್ಟಿದ್ದೆವು.

‘ಇದು ಅಲ್ಲ,’ ಎಂದೆ.

ಭಾಸ್ಕರ್ ಬೇರೆ ಕೂಗುಗಳನ್ನು ಹಾಕಿ ನೋಡಿದ. ಹಾವಿನದು, ಕಳ್ಳನದು, ಬೆಂಕಿಯದು, ಯಾವುದೂ ಕೂಡಲಿಲ್ಲ. ಬೇರೆ ಹುಡುಗಿಯನ್ನು ಕರೆಸಿ ಕೂಗಿಸೋಣವೇ ಎಂದು ಪ್ರಸಾದ ಮೆಲ್ಲಗೆ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಉಸಿರು ಕೊಟ್ಟು ಅವಳನ್ನು ನೀರಿನಲ್ಲಿ ಉಳಿಸಿಕೊಂಡವಳು ನಾನು, ಕೊನೆಯ ಗಳಿಗೆಯಲ್ಲಿ ಬೇರೆಯವಳ ಬಾಯಿಗೆ ಒಪ್ಪಿಸುವುದೇ?

‘ಒಂದ ಟೇಕ್. ನಾ ಮಾಡತೀನಿ.’

ಭಾಸ್ಕರ್ ಮೈಕು ಬಂದ್ ಮಾಡಿ ಎದ್ದು ನಿಂತ. ‘ಬ್ಯಾಡ ಅಕ್ಕಾ. ಡಾಕ್ಟರ್ ಏನ್ ಹೇಳ್ಯಾರ ನೀನ ಹೇಳೀದಿ ನನಗ. ನಾ ರೆಕಾರ್ಡ್ ಮಾಡಂಗಿಲ್ಲ.’

‘ನೀ ಮಾಡಲಿಲ್ಲ ಅಂದ್ರೂ ನಾ ಕೂಗತೀನಿ. ವೇಸ್ಟ್ ಆಗತೈತಿ, ನೋಡು.’

ಅವನು ನನ್ನ ಮುಖ ನೋಡಿ ಕೂತುಕೊಂಡ.

ನಮ್ಮವರ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು, ಅವರೇ ಬಂದರು. ಕುರ್ಚಿಯ ಕೈ ಹಿಡಿದು, ಕಿವಿ ಮುಂದೆ ಮಾಡಿ ಕೂತಿದ್ದ ಅವರನ್ನೇ ಕಂಡೆ. ಬೇರೆಯವರಿಗಾದರೆ ಕೂಗು ಸುಳ್ಳಾದರೂ ನಗಲು ಒಂದು ರಬ್ಬರ್ ಮೀನಾದರೂ ಇರುತ್ತದೆ. ಅವರಿಗೆ ಇರುವುದು ಕೂಗು ಮಾತ್ರ. ಕೂಗಬೇಡ ಎಂದವರಿಗಾಗಿಯೇ ಕೂಗಬೇಕಾಗಿ ಬಂದಿತ್ತು.

ಕೆಂಪು ದೀಪ ಹತ್ತಿತು. ನಾನು ಕಣ್ಣು ಮುಚ್ಚಿದೆ. ಡಬ್ಬಿಂಗಿನಲ್ಲಿ ಯಾರೂ ಕಣ್ಣು ಮುಚ್ಚುವುದಿಲ್ಲ, ತುಟಿ ತಪ್ಪಿಹೋಗುತ್ತದೆ. ಆದರೆ ಪರದೆ ಕಂಡರೆ ಆ ಮೀನು ಕಾಣುತ್ತಿತ್ತು. ಕತ್ತಲಲ್ಲಿ ಹೆಡ್‌ಫೋನಿನ ನೀರು ಸುತ್ತ ತುಂಬಿತು. ಅವಳ ಉಸಿರಿನ ಜೊತೆ ನನ್ನ ಉಸಿರು ಹೋಯಿತು, ಒಂದು ಎಳೆತ, ಇನ್ನೊಂದು ಎಳೆತ. ಕೆಳಗಿಂದ ಏನೋ ಬಂತು. ಅದು ಎಷ್ಟು ದೊಡ್ಡದು ಎಂದು ನನಗೆ ತಿಳಿಯಲಿಲ್ಲ. ಕಿರುಚಿದೆ.

ಕಣ್ಣು ತೆರೆದಾಗ ಪ್ರಸಾದ ಕೂತಲ್ಲೇ ಹಿಂದಕ್ಕೆ ಸರಿದಿದ್ದ. ಭಾಸ್ಕರ್ ಪರದೆ ನೋಡಿ, ತುಟಿ ಕೂಡಿದೆ ಎಂದು ಹೆಬ್ಬೆರಳು ಎತ್ತಿದ. ನನಗೆ ನೋವೇನೂ ಆಗಿರಲಿಲ್ಲ, ಬಾಯಲ್ಲಿ ಕಬ್ಬಿಣದ ರುಚಿ ಇತ್ತು, ಅಷ್ಟೇ. ಹೆಂಗಿತ್ತು ಎಂದು ಕೇಳಿದೆ. ತುಟಿ ಆಡಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ಗಾಳಿ ಬಂತು. ‘ಅಕ್ಕಾ, ಏನರೆ ಮಾತಾಡು,’ ಎಂದು ಭಾಸ್ಕರ್ ಹೆಡ್‌ಫೋನಿನಲ್ಲಿ ಕೂಗುತ್ತಿದ್ದ. ‘ಅಕ್ಕಾ, ಮಾತಾಡು!’

ಅವನೇ ಆಸ್ಪತ್ರೆಗೆ ಕರೆದೊಯ್ದ, ಅವನೇ ಮನೆಗೆ ಬಿಟ್ಟ. ನಮ್ಮವರಿಗೆ ಹೇಳಿದವನೂ ಅವನೇ. ನರ ಒಡೆದಿದೆ, ವಾರಗಟ್ಟಲೆ ಒಂದು ಮಾತೂ ಆಡಬಾರದು, ಪಿಸುಗುಡಲೂ ಬಾರದು, ಆಮೇಲೆ ಏನು ಉಳಿಯುತ್ತದೋ ನೋಡಬೇಕು ಎಂದ. ನಾನು ನಮ್ಮವರ ಕೈ ಹಿಡಿಯಲು ಹೋದೆ. ಅವರು ಕೊಸರಿಕೊಂಡರು.

ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಅವರು ಒಬ್ಬರೇ ಇದ್ದರು. ನಾನು ಚಪ್ಪಾಳೆ ತಟ್ಟಿ ಇರುವುದನ್ನು ತಿಳಿಸುತ್ತಿದ್ದೆ, ತೋಳು ಮುಟ್ಟಿ ಹೌದು ಎನ್ನುತ್ತಿದ್ದೆ. ಅವರು ಸಿಟ್ಟಿನಿಂದ ತೀರಾ ಬೇಕಾದಷ್ಟನ್ನೇ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಬಚ್ಚಲ ಕಡೆ ಹೊರಟಾಗ ದಾರಿಯಲ್ಲಿ ನಾನೇ ಮರೆತು ಬಿಟ್ಟ ಸ್ಟೂಲ್ ಇತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದೆ, ಡಾಕ್ಟರಮ್ಮನ ಮಾತು ನೆನಪಾಗಿ ಮುಚ್ಚಿದೆ, ಓಡಿದೆ. ತಲುಪುವಷ್ಟರಲ್ಲಿ ಅವರು ಎಡವಿ ಹಣೆಯನ್ನು ಬಾಗಿಲಿಗೆ ಬಡಿದುಕೊಂಡಿದ್ದರು. ರಕ್ತ ಒರೆಸುವಾಗ ಅವರು, ‘ಮೊದಲಾಗಿದ್ರ ಸ್ಟೂಲ್ ಐತ್ರಿ ಅಂತಿದ್ದಿ,’ ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆತ್ತಗೆ ಹೇಳಿದರು.

ಮಾತಾಡಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ಮನೆಗೆ ಬಂದೆ. ನಮ್ಮವರು ಕಿಟಕಿಯ ಹತ್ತಿರ ಕೂತಿದ್ದರು. ಮೊದಲ ಮಾತು ಏನಿರಲಿ ಎಂದು ಮೆಟ್ರೋದಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ದಿನದ ಮಾತೇ.

‘ಚಾ ಮಾಡ್ಲೇನ್ರಿ?’

ತಗಡು ಎಳೆದಂಥ, ಗಂಡಸಿನದೂ ಅಲ್ಲ ಹೆಂಗಸಿನದೂ ಅಲ್ಲ ಎನ್ನುವಂಥ ದನಿ. ಅವರು ಬೆಚ್ಚಿಬಿದ್ದು ಎದ್ದು ನಿಂತರು.

‘ಯಾರ್ರೀ ಅದು? ಯಾರು ಒಳಗ ಬಂದವ್ರು?’

ಹೋಗಿ ಕೈ ಹಿಡಿದೆ, ಬೆರಳು ಸವರಿ ಗುರುತು ಹಿಡಿದರು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಸದ್ದಾಗದ ಹಾಗೆ ಅತ್ತೆ.

ಡಬ್ಬಿಂಗ್ ಅಲ್ಲಿಗೆ ನಿಂತಿತು. ಹೊಸಬರಿಗಾಗಿ ಬರೆಯುವುದರಿಂದ ಒಂದು ಬುದ್ಧಿಮಾತು ಹೇಳಬೇಕಲ್ಲ. ನಾನು ಮಾಡಿದ ಹಾಗೆ ಮಾಡಬೇಡಿ. ಗಂಟಲು ಒಂದೇ ಇದೆ, ಸಿನಿಮಾ ನೂರು ಬರುತ್ತವೆ. ಹೀಗೆ ಬರೆದದ್ದಾಯಿತು. ಆದರೆ ಆ ಟೇಕನ್ನು ಅಳಿಸಿ ಗಂಟಲು ವಾಪಸು ಕೊಡುತ್ತೇವೆ ಎಂದು ಯಾರಾದರೂ ಬಂದರೆ ನಾನು ತಕ್ಷಣ ಒಪ್ಪಿಬಿಡುವವಳೇನಲ್ಲ.

ಕೆಲವು ತಿಂಗಳ ನಂತರ ಸಿನಿಮಾ ಟಿವಿಯಲ್ಲಿ ಬಂತು, ಭಾನುವಾರ ಮಧ್ಯಾಹ್ನವೇ. ನಾನು ಹಾಕುವುದು ಬೇಡವೆಂದಿದ್ದೆ, ನಮ್ಮವರು ಹಾಕಲೇಬೇಕು ಎಂದರು. ಎದುರು ಮನೆಯವರೂ ಬಂದು ಕೂತರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ನಗುವುದಕ್ಕೆ ಭಾಷೆ ಬೇಕಿರಲಿಲ್ಲ. ಮೀನಿನ ತಲೆ ಬಂದಾಗಲೆಲ್ಲ ನಕ್ಕರು. ನಾನು ನಮ್ಮವರ ಎಡಕ್ಕೆ ಕೂತಿದ್ದೆ. ಟಿವಿಯಿಂದ ನನ್ನ ದನಿ ಬರುತ್ತಿತ್ತು, ಎಳೆಯದು, ನುಣುಪಾದದ್ದು. ಅವರ ಮುಖ ಆ ಕಡೆಗೆ ತಿರುಗಿತು. ಅಷ್ಟು ತಿಂಗಳಲ್ಲಿ ನಾನು ಆ ಮುಖ ಅಷ್ಟು ಹಗುರಾದದ್ದನ್ನು ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೇಲೆ ನನಗೇ.

ಹುಡುಗಿ ನೀರಿಗಿಳಿದಳು. ಎದುರು ಮನೆಯವರು ಮತ್ತೆ ನಗಲು ಬಾಯಿ ತೆರೆದರು. ಕೂಗು ಬಂತು. ಕೋಣೆಯಲ್ಲಿ ಯಾರೂ ನಗಲಿಲ್ಲ. ನಮ್ಮವರು ಕುರ್ಚಿಯಿಂದ ಅರ್ಧ ಎದ್ದು, ಎರಡೂ ಕೈ ಟಿವಿಯ ಕಡೆ ಚಾಚಿದರು.

‘ಮಾನಂದಾ!’ ಎಂದು ಕರೆದರು. ‘ಎಲ್ಲಿ ಅದಿ? ಮಾನಂದಾ!’

‘ಇಲ್ಲೇ ಅದೀನ್ರಿ,’ ಎಂದೆ, ಈ ಕಡೆಯಿಂದ, ಈಗಿರುವ ದನಿಯಲ್ಲಿ.

ಅವರು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ಗಾಳಿಯಲ್ಲಿ ತಡಕಾಡಿದ ಕೈ ನನ್ನ ಭುಜಕ್ಕೆ ಸಿಕ್ಕಿತು, ಅಲ್ಲಿಂದ ಮೇಲೆ ಬಂದು ಗಂಟಲ ಮೇಲೆ ನಿಂತಿತು. ಅಂಗೈ ಬೆವರಿತ್ತು.

‘ಮತ್ತ ಮಾತಾಡು.’

‘ಏನ್ ಮಾತಾಡ್ಲಿ?’

‘ಏನರೆ ಮಾತಾಡು. ಇದು ನನಗಿನ್ನೂ ರೂಢಿ ಆಗಬೇಕಲ್ಲ. ನಿಲ್ಲಸಬ್ಯಾಡ.’

ಅವರ ಕೈಯ ಕೆಳಗೆ ನನ್ನ ಗಂಟಲು ಗರಗರ ಎಂದು ಅಲುಗುತ್ತಿತ್ತು. ಮಧ್ಯಾಹ್ನದ ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಹೇಳಿದೆ, ಎದುರು ಮನೆಯವರು ಹೆದರಿ ಹೇಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದಾರೆಂದು ಹೇಳಿದೆ, ಸುಮ್ಮನೆ ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋದೆ. ಆ ಹುಡುಗಿ ಬಂಡೆ ಹತ್ತಿ ಬದುಕಿಕೊಂಡದ್ದನ್ನು ನಾವಿಬ್ಬರೂ ಗಮನಿಸಲಿಲ್ಲ.